ಅಳತೆಯ ಬೆರಳು

ಐದು ಉಳಿದಿದ್ದವು. ವರ್ಷಕ್ಕೊಂದರಂತೆ ಐದು ವರ್ಷ.

ಕ್ಯಾಮೆರಾದ ನೆತ್ತಿಯ ಮೇಲಿನ ಸಣ್ಣ ಕಿಂಡಿಯಲ್ಲಿ ಮೂವತ್ತೊಂದು ಎಂಬ ಅಂಕಿಯನ್ನು ಪಂಢರೀನಾಥ ಇನ್ನೊಮ್ಮೆ ನೋಡಿದ. ನೋಡಲೇ ಇಲ್ಲವೆಂಬಂತೆ ಚರ್ಮದ ಕವಚದ ಗುಂಡಿ ಹಾಕಿದ. ಇಳಕಲ್ ಬಸ್‌ಸ್ಟ್ಯಾಂಡಿನ ಎದುರಿನ ಸ್ಟುಡಿಯೋ ಅದು. ಗಾಜಿನ ಮೇಜಿನ ಆಚೆ ಕುಳಿತ ಮುರ್ತುಜಸಾಬ ಹಳೆಯ ಸೆಲ್ಲನ್ನು ಅಂಗೈಯಲ್ಲಿ ಉರುಳಿಸುತ್ತಿದ್ದ. ಹೊಸದನ್ನು ಹಾಕಿಕೊಡುವಾಗಲೇ ಅವನ ಕಣ್ಣು ಆ ಅಂಕಿಯ ಮೇಲೆ ಬಿದ್ದಿತ್ತು.

"ಸರ್, ಒಂದ್ ಮಾತು ಹೇಳ್ಲೇನ್ರಿ?"

"ಹೇಳ್ರಿ."

"ಈ ರೋಲ್ ನನ್ನ ಕೈಯಾರೆ ಹಾಕಿಕೊಟ್ಟು ಮೂರ್ ವರ್ಷ ಆತು. ಫಿಲ್ಮಿಗೂ ವಯಸ್ಸಾಗ್ತೈತ್ರಿ. ಒಳಗ ಕುಂತಲ್ಲೇ ಬಣ್ಣ ಬಿಡ್ತೈತಿ. ಇವತ್ತ ಕೊಡ್ರಿ, ತೊಳಸಿ ಕೊಡ್ತೇನಿ."

"ಇನ್ನಾ ಮುಗಿದಿಲ್ಲ."

"ಮುಗಸಾಕ ಎಷ್ಟೊತ್ತು ಬೇಕ್ರಿ? ಇಲ್ಲೇ ನಂದೊಂದು ಐದ್ ತಗೀರಿ. ಊರ ಮಂದೀದೆಲ್ಲ ನಾ ತಗದೇನಿ. ನಂದು ಯಾರೂ ತಗದಿಲ್ಲ."

ಹೇಳಿ ಅವನೇ ನಕ್ಕ. ಮರ್ಯಾದೆಗೆ ಬೇಕಾದಷ್ಟು ಪಂಢರೀನಾಥನೂ ನಕ್ಕು ಹೊರಗೆ ಬಂದ.

ಮೂವತ್ತಾರು ಚಿತ್ರದ ಆ ಸುರುಳಿಯಲ್ಲಿ ಇಪ್ಪತ್ತೊಂಬತ್ತು ಕಾಡಿನವಿದ್ದವು, ಎರಡು ಕಲ್ಲಿನವು. ಕಾಡಿನವನ್ನು ತೆಗೆಯುವಾಗ ಹೆಂಡತಿ ರಂಜನಾ ಪಕ್ಕದಲ್ಲಿದ್ದಳು. ಕಲ್ಲಿನ ಎರಡನ್ನು ತೆಗೆಯುವಾಗ ಇರಲಿಲ್ಲ. ಸುರುಳಿ ಮುಗಿದರೆ ತೊಳೆಸಬೇಕು, ತೊಳೆಸಿದರೆ ನೋಡಬೇಕು, ನೋಡಿದರೆ ಮುಗಿಯಿತು. ಮುಗಿಯದಿರುವವರೆಗೆ ಮುಗಿದಿಲ್ಲ. ಕಾಲೇಜಿನಲ್ಲಿ ಹುಡುಗರಿಗೆ ಅರ್ಥಶಾಸ್ತ್ರ ಕಲಿಸುವವನು ಇಂಥ ತರ್ಕವನ್ನು ನಂಬಬಹುದೇ ಎಂದು ಯಾರಾದರೂ ಕೇಳಬಹುದಿತ್ತು. ಪುಣ್ಯಕ್ಕೆ ಯಾರೂ ಕೇಳಿರಲಿಲ್ಲ.

ಪಂಚಮಿಯ ಮರುದಿನ. ಹುನಗುಂದದ ಕಡೆ ಹೊರಟ ಟೆಂಪೋದ ತುಂಬ ತವರಿಗೆ ಹೊರಟ ಹೆಣ್ಣುಮಕ್ಕಳು, ಮಡಿಲಲ್ಲಿ ಉಂಡಿಯ ಡಬ್ಬಿಗಳು. ಎಳ್ಳಿನ ವಾಸನೆ, ಸೇಂಗಾ ವಾಸನೆ, ಹೊಸ ಸೀರೆಯ ಗಂಜಿಯ ವಾಸನೆ. ಪಂಢರೀನಾಥ ಬಾಗಿಲ ಹತ್ತಿರದ ಮೂಲೆಯಲ್ಲಿ ಕ್ಯಾಮೆರಾವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತ. ಅವನೊಬ್ಬನೇ ಯಾರ ತವರಿಗೂ ಹೋಗುತ್ತಿರಲಿಲ್ಲ.

ಯುಗಾದಿಯ ಮುಂದೆ ಅವನಿಗೆ ಬಾಗಲಕೋಟೆಗೆ ವರ್ಗವಾಗಿತ್ತು. ನವನಗರದ ಮನೆಗೆ ಸಾಮಾನು ಸಾಗಿಸಿ, ಪೆಟ್ಟಿಗೆ ಬಿಚ್ಚಿ, ಪರೀಕ್ಷೆ, ಪೇಪರು ತಿದ್ದುವುದು ಅನ್ನುವುದರಲ್ಲಿ ನಾಲ್ಕು ತಿಂಗಳು ಸರಿದಿದ್ದವು. ಅದಕ್ಕೆ ಮೊದಲು ಹೀಗಿರಲಿಲ್ಲ. ರಂಜನಾ ಹೋದಮೇಲೆ ಎರಡು ವರ್ಷ, ಸೋಮವಾರಕ್ಕೊಮ್ಮೆ ಆ ಕಲ್ಲಿನ ಹತ್ತಿರ ಬಂದು ಕೂಡುತ್ತಿದ್ದ. ಫೋಟೋ ಮಾತ್ರ ವರ್ಷಕ್ಕೆ ಒಂದೇ, ಪಂಚಮಿಯ ಮರುದಿನ. ಆ ದಿನವನ್ನು ಗೊತ್ತು ಮಾಡಿದವಳು ರಂಜನಾ. ಶ್ರಾವಣದ ಹನಿ ಬಿದ್ದು ಬಂಡೆಗಂಟಿ ಬೆಳೆಯುವ ಕಲ್ಲುಹೂವು ಮೈದುಂಬಿರುತ್ತದೆ, ಕಾಲೇಜಿಗೂ ಸೂಟಿ ಇರುತ್ತದೆ ಎಂದು.

ಅವಳು ಇಳಕಲ್ಲಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಓದಿದ್ದು, ಬರೆದದ್ದು ಎಲ್ಲ ಘಟ್ಟದ ಮಳೆಕಾಡಿನ ಹಾವಸೆ, ಕಲ್ಲುಹೂವುಗಳ ಬಗ್ಗೆ. ಮದುವೆಯಾಗಿ ಬಂದದ್ದು ಮಳೆ ದಾರಿ ತಪ್ಪಿ ಬರುವ ಸೀಮೆಗೆ. ಅತ್ತೆ ವಿಮಲಾಬಾಯಿ ಸೊಸೆಯ ವಿದ್ಯೆ ಯಾವುದೆಂದು ತಿಳಿದ ದಿನ ಅಡುಗೆಮನೆಯಿಂದಲೇ ಕೇಳಿದ್ದಳು, ಮಸಾಲಿ ಡಬ್ಬ್ಯಾಗಿನ ದಗಡಫೂಲ ನೋಡ್ಲಿಕ್ಕೆ ಅಡವಿಗೆ ಹೋಗಬೇಕೇನು ಎಂದು. ಅಡುಗೆಮನೆಯಲ್ಲಿ ಕಲ್ಲುಹೂವಿನ ಹೆಸರು ಅದು. ರಂಜನಾ ಬಿದ್ದು ಬಿದ್ದು ನಕ್ಕಿದ್ದಳು.

ಮದುವೆಯ ಎರಡನೆಯ ವರ್ಷ, ತೊಂಬತ್ತೆರಡರಲ್ಲಿ, ಆ ಬಂಡೆ ಅವಳಿಗೆ ಸಿಕ್ಕಿತು. ಬೇವಿನಕಟ್ಟಿಯ ಹೊರಗಿನ ಕಲ್ಲುಗುಡ್ಡದ ಬುಡದಲ್ಲಿ ಎದೆಯೆತ್ತರದ ಕೆಂಪು ಕಲ್ಲು. ಅದರ ಪಡುವಣ ಮುಖದಲ್ಲಿ ರೂಪಾಯಿಯಷ್ಟಗಲದ ಬೂದುಹಸಿರು ಕಲ್ಲುಹೂವಿನ ಬಳೆ, ಅಂಚಿಗೆ ತುಸು ಅರಿಶಿನ. ಸುತ್ತ ಅಂಥವೇ ಹತ್ತಾರು.

"ಇಲ್ಲೂ ಅದ ರೀ," ಎಂದಿದ್ದಳು. ಕಳೆದುಹೋದ ತಂಗಿಯನ್ನು ಜಾತ್ರೆಯಲ್ಲಿ ಕಂಡವಳ ದನಿಯಲ್ಲಿ.

"ಕಲ್ಲಿಗೆ ಗಜಕರ್ಣ ಆದಂಗ ಕಾಣ್ತದ," ಎಂದಿದ್ದ ಪಂಢರೀನಾಥ.

ಚರ್ಮದ ರೋಗದ ಹೆಸರು ಕೇಳಿಯೂ ಅವಳು ಬೇಸರಪಡಲಿಲ್ಲ. ವರ್ಷಕ್ಕೆ ಅಕ್ಕಿಕಾಳಿನ ದಪ್ಪದಷ್ಟು ಬೆಳೆಯುತ್ತದೆ, ನಾವು ಸತ್ತಮೇಲೂ ಬೆಳೆಯುತ್ತಿರುತ್ತದೆ, ವರ್ಷವರ್ಷ ಫೋಟೋ ತೆಗೆದು ಅಳೆಯೋಣ ಎಂದಳು. ಅಳತೆಗೆ ಪಕ್ಕದಲ್ಲಿ ಏನಾದರೂ ಇಡಬೇಕು. ಪಟ್ಟಿ ಮನೆಯಲ್ಲಿ ಮರೆತಿತ್ತು. ರೂಪಾಯಿ ಇಡು ಎಂದ ಅವನು. ರೂಪಾಯಿ ಬದಲಾಗ್ತದ, ಬೆರಳು ಬದಲಾಗೂದಿಲ್ಲ ಎಂದು ಅವಳು ತನ್ನ ಬಲಗೈಯ ಹೆಬ್ಬೆರಳನ್ನು ಬಳೆಯ ಪಕ್ಕಕ್ಕೆ ಊರಿದಳು. ಅಂದಿನಿಂದ ಅದೇ ಅಳತೆ. ಅವಳು ಬೆರಳಿಡುವುದು, ಅವನು ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು ಗುಂಡಿ ಒತ್ತುವುದು.

ಒಂಬತ್ತು ವರ್ಷ, ಒಂಬತ್ತು ಚಿತ್ರ. ರೂಪಾಯಿಯಷ್ಟಿದ್ದದ್ದು ಪಂಚಮಿ ಉಂಡಿಯಷ್ಟಾಗಿತ್ತು. ಅವರಿಗೆ ಮಕ್ಕಳಾಗಿರಲಿಲ್ಲ. ಮನೆಯಲ್ಲಿ ವರ್ಷವರ್ಷ ಬೆಳೆದದ್ದು ಇದೊಂದೇ ಎಂದು ಅವಳು ಒಮ್ಮೆ ನಗುತ್ತ ಅಂದಿದ್ದಳು. ಅವನು ಪೇಪರು ಓದುತ್ತಿದ್ದ.

ಒಂಬತ್ತನೆಯ ಚಿತ್ರದಲ್ಲಿ ಬಳೆ ಒಮ್ಮೆಲೇ ಎರಡು ವರ್ಷದಷ್ಟು ಬೆಳೆದಿತ್ತು. ರಂಜನಾ ಹಿಗ್ಗಿಹೋದಳು. ವಹಿಯಲ್ಲಿ ಬರೆದು ಮುಂದೆ ಪ್ರಶ್ನೆಯ ಗುರುತು ಹಾಕಿದಳು. ಮಳೆ ಹೆಚ್ಚಾಗಿರಬೇಕು ಎಂದ ಅವನು. ಬೆಳೆದದ್ದು ಕಲ್ಲುಹೂವಲ್ಲ, ತೆಳ್ಳಗಾದದ್ದು ಬೆರಳು ಎಂದು ಇಬ್ಬರಿಗೂ ಹೊಳೆಯಲಿಲ್ಲ. ದವಾಖಾನೆಯವರು ಹೇಳುವ ಹೊತ್ತಿಗೆ ಪುಷ್ಯಮಾಸ ಬಂದಿತ್ತು.

ಆ ನಡುವೆ, ದಸರೆಯ ಸೂಟಿಯಲ್ಲಿ, ಕಾಡು.

ಟೆಂಪೋ ಕುಲುಕಿತು. ಯಾರದೋ ಡಬ್ಬಿಯ ಮುಚ್ಚಳ ಉರುಳಿತು. ಪಂಢರೀನಾಥ ಕಣ್ಣು ಮುಚ್ಚಿದ. ಮುಚ್ಚಿದರೆ ಸಾಕು, ಅಲ್ಲಿ ಹಸಿರು ಹನಿಯುತ್ತಿರುತ್ತಿತ್ತು.

ಕ್ಯಾಸಲ್‌ರಾಕ್ ದಾಟಿ ಒಳಗೆ ನಡೆದಿದ್ದರು. ಮಳೆ ನಿಂತು ತಾಸಾಗಿದ್ದರೂ ಮರಗಳಿಗೆ ಅದು ತಿಳಿದಿರಲಿಲ್ಲ. ಎಲೆಯಿಂದ ಎಲೆಗೆ, ಬೇರಿನಿಂದ ಬೇರಿಗೆ ನೀರು ಇಳಿಯುತ್ತಲೇ ಇತ್ತು. ಆಕಾಶವೆಂಬುದು ಇರಲಿಲ್ಲ. ಬುಡದಿಂದ ಕೊಂಬೆಯವರೆಗೆ ಪ್ರತಿ ಮರವೂ ಹಸಿ ಕಂಬಳಿ ಹೊದ್ದಿತ್ತು. ಬೆರಳಿಟ್ಟರೆ ಒಳಗೆ ಹೋಗುವಷ್ಟು ದಪ್ಪ ಹಾವಸೆ. ಅದರ ಮೇಲೆ ಸೂಜಿಯಷ್ಟು ಸಣ್ಣ ಕಾಂಡಗಳು, ಪ್ರತಿ ಕಾಂಡದ ತುದಿಗೂ ಒಂದು ಹನಿ, ಪ್ರತಿ ಹನಿಯೊಳಗೂ ತಲೆಕೆಳಗಾದ ಕಾಡು. ಕೊಂಬೆಗಳಿಂದ ಮುನಿಗಳ ಗಡ್ಡದಂತೆ ಕಲ್ಲುಹೂವು ಇಳಿಬಿದ್ದಿತ್ತು. ಬದುಕಿದ ಎಲೆಯ ಮೇಲೂ ಬಿಳಿ ಚುಕ್ಕೆಗಳಾಗಿ ಕೂತಿತ್ತು. ಸಾಯುವುದಕ್ಕೂ ಹುಟ್ಟುವುದಕ್ಕೂ ಅಲ್ಲಿ ನಡುವೆ ಗೋಡೆ ಇರಲಿಲ್ಲ. ಬಿದ್ದ ಮರದ ಹೆಣದ ಮೇಲೆಯೇ ತೊಟ್ಟಿಲು ಕಟ್ಟಿದಂತಿತ್ತು.

ರಂಜನಾ ಗರ್ಭಗುಡಿಯೊಳಗೆ ನಡೆಯುವವಳಂತೆ ನಡೆದಳು. ಇಲ್ಲಿ, ಎಂದು ಬೆರಳಿಡುವಳು. ಅವನು ಮೂರು ಕಾಲಿನ ಸ್ಟ್ಯಾಂಡು ಊರಿ, ಕೊಡೆಯನ್ನು ಕತ್ತಿನಲ್ಲಿ ಸಿಕ್ಕಿಸಿ, ಕನ್ನಡಕದ ಹಬೆ ಒರೆಸಿ, ತೆಗೆಯುವನು. ಬೆಳಕು ಎಷ್ಟು ಕಡಿಮೆಯೆಂದರೆ ಒಂದೊಂದು ಚಿತ್ರಕ್ಕೂ ಕ್ಯಾಮೆರಾ ಅರ್ಧ ಉಸಿರಿನಷ್ಟು ಹೊತ್ತು ಕಣ್ಣು ತೆರೆದಿರಬೇಕು. ಅಷ್ಟು ಹೊತ್ತೂ ಅವಳ ಬೆರಳು ಅಲುಗಬಾರದು. ಅಲುಗಲಿಲ್ಲ. ಸಂಜೆಯ ಹೊತ್ತಿಗೆ ಅವನ ಪಾದದಲ್ಲಿ ಐದಾರು ಇಂಬಳಗಳು ಕಚ್ಚಿದ್ದವು, ಸೊಂಟ ನೋಯುತ್ತಿತ್ತು. ಕೊಳೆತದ್ದನ್ನು ನೋಡಲಿಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಮುಖ ಹೇಳಿತ್ತು.

ಇಪ್ಪತ್ತೊಂಬತ್ತಾದಮೇಲೆ ಅವಳು ಒಂದು ದೊಡ್ಡ ಮರದ ಬುಡಕ್ಕೆ ಬೆನ್ನು ಕೊಟ್ಟು ನಿಂತಳು. ಹಸಿರು ಅವಳ ತಲೆಗೂದಲಿನವರೆಗೆ ಇಳಿದಂತಿತ್ತು. ಸೆರಗು ಸರಿಮಾಡಿಕೊಂಡಳು.

"ನಂದೊಂದು ತಗೀರಿ."

"ಬೆಳಕಿಲ್ಲ."

"ಇದ್ದಷ್ಟರಾಗ."

"ಸುಮ್ನ ಫಿಲ್ಮ್ ಹಾಳು."

ಅವಳು ಮರದಿಂದ ಬೆನ್ನು ತೆಗೆದಳು. ಹೊರಡೂಣು, ಎಂದಳು. ಉಳಿದದ್ದನ್ನ ನಮ್ಮ ಕಲ್ಲಿಗೆ ಇಟ್ಟರಾತು.

ಬೆಳಕು ಖರೆ ಇರಲಿಲ್ಲ. ಕ್ಯಾಮೆರಾದೊಳಗಿನ ಬೆಳಕಳೆಯುವ ಮುಳ್ಳು ಅಲುಗಿರಲೇ ಇಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೆಂಬುದು ಒಂದು ಎಳೆಯೂ ಇರಲಿಲ್ಲ. ಮೂರು ವರ್ಷದಿಂದ ಅವನನ್ನು ತಿನ್ನುತ್ತಿದ್ದುದು ಅದೇ. ಸುಳ್ಳು ಹೇಳಿದ್ದರೆ ಎಲ್ಲಾದರೂ ಹೋಗಿ ತಪ್ಪೊಪ್ಪಿಕೊಳ್ಳಬಹುದಿತ್ತು.

ಜನವರಿಯಲ್ಲಿ ಅವಳಿಗೆ ಹಸಿರು ಸೀರೆ ಉಡಿಸಿ, ಕುಂಕುಮ ಹಚ್ಚಿ, ಕೈತುಂಬ ಬಳೆ ಇಟ್ಟು ಸಾಗಿಸಿದರು. ಪುಣ್ಯವಂತಿ, ಮುತ್ತೈದಿಯಾಗಿ ಹೋದ್ಲು ಎಂದು ವಿಮಲಾಬಾಯಿ ಅತ್ತಳು. ಬಂದವರೆಲ್ಲ ಅದನ್ನೇ ಅಂದರು. ಗಂಡ ಇರುವಾಗಲೇ ಹೋಗುವುದು ದೊಡ್ಡ ಪದವಿಯೆಂಬಂತೆ. ಆ ಪದವಿಯಲ್ಲಿ ತನ್ನ ಪಾಲು ಬದುಕಿ ಉಳಿಯುವುದು ಮಾತ್ರ ಎಂದು ಪಂಢರೀನಾಥನಿಗೆ ತಿಳಿಯಿತು.

"ಬೇವಿನಕಟ್ಟಿ ಬಂತ್ರಿ ಸರ್," ಎಂದ ಟೆಂಪೋದವನು.

ಇಳಿದು ಕಾಲುದಾರಿ ಹಿಡಿದ. ಎರಡೂ ಕಡೆ ಮೊಣಕಾಲೆತ್ತರದ ಸಜ್ಜೆ, ನಡುನಡುವೆ ತೊಗರಿ. ನಸುಕಿನಲ್ಲಿ ಹನಿ ಬಿದ್ದು ಹೋಗಿತ್ತು. ಕರಿಮಣ್ಣು ಚಪ್ಪಲಿಗೆ ಅಂಟಿ ಹೆಜ್ಜೆಹೆಜ್ಜೆಗೆ ಅವನನ್ನು ಬೆರಳಷ್ಟು ಎತ್ತರ ಮಾಡುತ್ತಿತ್ತು. ಒದರಿ ಮತ್ತೆ ನಡೆದ.

ಗುಡ್ಡದ ಕಡೆಯಿಂದ ಡಬ್ ಎಂಬ ಸದ್ದು. ನಂತರ ಕಲ್ಲು ಉರುಳಿದ ಸದ್ದು.

ಅವನು ನಿಂತ. ಕಲ್ಲು ಒಡೆಯುವ ಕ್ವಾರಿ ಈ ಮಗ್ಗುಲಿಗೆ ಬಂದಿತ್ತೇ? ಯುಗಾದಿಯ ಹೊತ್ತಿಗೆ ಅದು ಗುಡ್ಡದ ಆಚೆ ಇತ್ತು. ಈಗ ಎದುರಿಗೆ ಗುಡ್ಡದ ಅರ್ಧ ಹೋಳಾಗಿ, ಒಳಗಿನ ಹಸಿ ಕೆಂಪು ಕಾಣುತ್ತಿತ್ತು. ದಾರಿಯ ಬದಿಯ ಬಂಡೆಗಳ ಮೇಲೆ ಬಿಳಿ ಬಣ್ಣದಲ್ಲಿ ನಂಬರುಗಳು. ಮೂವತ್ತಾರು. ಮೂವತ್ತೇಳು. ಮೂವತ್ತೆಂಟು ಇರಬೇಕಾದಲ್ಲಿ ಬರೀ ಕುಳಿ, ಕುಳಿಯಲ್ಲಿ ಮಳೆನೀರು.

ಅವನು ಓಡಿದ. ನಲವತ್ತಾರು ವರ್ಷದ ಅಧ್ಯಾಪಕ, ಕ್ಯಾಮೆರಾವನ್ನು ಎದೆಗೆ ಅವಚಿಕೊಂಡು, ಕೆಸರಿನಲ್ಲಿ. ಇಳಕಲ್ಲಿನ ಕಲ್ಲು ಎಲ್ಲೆಲ್ಲಿಗೋ ಹೋಗಿ ಯಾರದೋ ಮನೆಯ ನೆಲವಾಗುತ್ತದೆಂದು ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದ. ಅವಳ ಕಲ್ಲು ಹಾಗೆ ಕೊಯ್ಯಿಸಿಕೊಂಡು, ಪಾಲಿಶು ಮಾಡಿಸಿಕೊಂಡು, ಮುಖ ಕಾಣುವಂತೆ ಹೊಳೆಯುತ್ತ ಯಾವುದೋ ಊರಿನಲ್ಲಿ ಬಿದ್ದಿರುವುದು ಕಣ್ಣಿಗೆ ಕಟ್ಟಿತು. ದೇವರೇ, ಎಂದ. ದೇವರನ್ನು ಕರೆದು ವರ್ಷಗಳಾಗಿದ್ದವು. ಅಭ್ಯಾಸ ತಪ್ಪಿದ ನಾಲಗೆ ತೊದಲಿತು. ಅದೊಂದಿರಲಿ. ಅದೊಂದು ಅಲ್ಲೇ ಇರಲಿ.

ದೇವರು ಯಾವ ಕೂಗಿಗೆ ಓಗೊಡುತ್ತಾನೆ, ಹೇಗೆ ಓಗೊಡುತ್ತಾನೆ ಎಂಬುದನ್ನು ಹಿರಿಯರೂ ಬಲ್ಲೆವೆಂದು ಹೇಳಿಕೊಂಡಿಲ್ಲ. ಕಲ್ಲು ಅಲ್ಲೇ ಇತ್ತು.

ಬೇವಿನ ಮರದ ಆಚೆ, ತನ್ನ ಜಾಗದಲ್ಲಿ, ಎದೆಯೆತ್ತರ, ಪಡುವಣಕ್ಕೆ ಮುಖ. ಪಂಢರೀನಾಥ ಓಟ ನಿಲ್ಲಿಸಿದ. ಆಮೇಲೆ ಕಂಡದ್ದು ಅದರ ನೆತ್ತಿಯ ಮೇಲಿನ ಕೆಂಪು ಬಾವುಟ. ಆಮೇಲೆ ತಗಡಿನ ಚಪ್ಪರ. ಬೇವಿನ ಕೊಂಬೆಗೆ ಪಂಚಮಿಯ ಜೋಕಾಲಿ, ಜೋಕಾಲಿಯ ಸುತ್ತ ಹೆಂಗಸರು.

"ಸರ್ ಬಂದ್ರು," ಎಂದಿತು ಒಂದು ದನಿ. ಜೋಕಾಲಿ ನಿಂತಿತು.

ಯಮನವ್ವ ಎದ್ದು ಬಂದಳು. ಕಲ್ಲಿನ ಪಕ್ಕದ ಹೊಲ ಅವಳದು. ಮನೆಯಲ್ಲಿ ಮಗ ಶಿವಸಂಗಪ್ಪ ಮಗ್ಗ ನೇಯುತ್ತಿದ್ದ, ಹೊಲ ಅವಳು ನೋಡಿಕೊಳ್ಳುತ್ತಿದ್ದಳು. ಹತ್ತು ಹನ್ನೊಂದು ವರ್ಷದಿಂದ ಅವಳಿಗೂ ಅವನಿಗೂ ಇದ್ದದ್ದು ದೂರದ ನಮಸ್ಕಾರದ ಗುರುತು. ಬದುವಿನ ಆಚೆಯಿಂದ ಅವಳು ಕೈಯೆತ್ತುವಳು, ಈಚೆಯಿಂದ ಅವನು.

"ಯುಗಾದಿ ಆದಮ್ಯಾಲೆ ಬರ್ಲೇ ಇಲ್ಲ ನೀವು. ದಾರಿ ಕಾದು ಕಾದು ಸಾಕಾತು. ನೀರ್ ಕುಡೀರಿ ಮೊದ್ಲ. ಯಾಕ್ ಹಿಂಗ ತೇಕಾಕ್ಹತ್ತೀರಿ?"

ಅವನು ನೀರು ಕುಡಿದ. ತಂಬಿಗೆಯ ಅಂಚಿನ ಮೇಲಿಂದ ಕಲ್ಲನ್ನು ನೋಡಿದ.

ಎಣ್ಣೆಯಿಂದ ಅದು ಕಪ್ಪಗೆ ಹೊಳೆಯುತ್ತಿತ್ತು. ಸುತ್ತ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು. ಮೇಲೆ ಎರಡು ಹಿತ್ತಾಳೆ ಕಣ್ಣುಗಳು, ಪೇಟೆಯಲ್ಲಿ ಸಿಗುವಂಥವು, ರೆಪ್ಪೆಯಿಲ್ಲದವು. ಕೆಳಗೆ ಹಸಿರು ಬಳೆಗಳ ಗುಂಪೆ. ಕಲ್ಲುಹೂವು ಇದ್ದ ಜಾಗದಲ್ಲಿ, ಅದರ ಸುತ್ತ, ಒಂದರ ಮೇಲೊಂದು, ನೂರಾರು ಕುಂಕುಮದ ಹೆಬ್ಬೆರಳಿನ ಗುರುತುಗಳು.

ಯಮನವ್ವ ಹೇಳಿದಳು. ಅವಸರವಿಲ್ಲದೆ ಹೇಳಿದಳು, ಈಗಾಗಲೇ ಹತ್ತಾರು ಸಲ ಹೇಳಿ ಹದವಾದ ಕತೆಯಂತೆ. ಬಸವಜಯಂತಿಯ ಮುಂದೆ ಕ್ವಾರಿಯವರು ಬಂದರು. ಈ ಮಗ್ಗುಲಿನ ಕಲ್ಲಿಗೆಲ್ಲ ನಂಬರು ಬರೆದರು. ಇದಕ್ಕೆ ನಲವತ್ತೆರಡು. ನಾಳೆ ಮದ್ದು ಇಡುತ್ತೇವೆ ಅಂದರು. ಅವಳಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಓಣಿಯ ಹೆಂಗಸರನ್ನು ಕರೆದುಕೊಂಡು ಬಂದು ಕಲ್ಲಿಗೆ ಬೆನ್ನು ಹಚ್ಚಿ ಕುಳಿತಳು.

"ಇದು ದೇವರ ಕಲ್ಲು ಅಂದೆ. ಯಾವ ದೇವ್ರಬೇ ಅಂದ ಅವ. ಕಾಲೇಜಿನ ಸರ್ ಬಂದು ಮೊಣಕಾಲೂರಿ, ಒಂದ್ ಕಣ್ಣ ಮುಚ್ಚಿ, ಉಸುರು ಹಿಡದು ಕೈ ಮುಗೀತಾರ. ಕಲತವ್ರು ಅವ್ರು, ಹುಚ್ಚರೇನ್ ಅಂದೆ."

ಆ ಪ್ರಶ್ನೆಗೆ ಪಂಢರೀನಾಥನೂ ಕೆಲವು ವರ್ಷಗಳಿಂದ ಉತ್ತರ ಹುಡುಕುತ್ತಿದ್ದ.

ಕ್ವಾರಿಯವನೂ ದೇವರೆಂದರೆ ಅಂಜುವವನೇ. ಒಂದು ಕಾಯಿ ಒಡೆದು, ತಪ್ಪಾಯಿತೆಂದು ಹೇಳಿ, ಯಂತ್ರವನ್ನು ಆ ಕಡೆ ತಿರುಗಿಸಿದ. ಕಲ್ಲು ಉಳಿಯಿತು. ಆಮೇಲೆ ಕಾರಹುಣ್ಣಿಮೆಗೆ ಪೂಜೆ ಶುರುವಾಯಿತು.

"ಮೈತುಂಬ ಗಜಕರ್ಣ ಆಗಿತ್ರಿ ಆಕಿಗೆ. ಹಂಗ ಬಿಡಾಕ ಬರ್ತೈತೇನು? ಕುರ್ಪಿ ತಗೊಂಡು ಕೆರದು, ಸೀಗಿಕಾಯಿ ಹಚ್ಚಿ ತೊಳದ್ವಿ. ಎರಡ್ ದಿನ ಹಿಡೀತು. ಈಗ ನೋಡ್ರಿ, ಎಷ್ಟ್ ಸ್ವಚ್ಛ ಆಗ್ಯಾಳ."

ಪಂಢರೀನಾಥ ನೋಡಿದ. ಹನ್ನೊಂದು ವರ್ಷ, ಎರಡು ದಿನ. ಅವನ ಬಾಯಿಯಿಂದ ಒಂದು ದಿನ ಹಗುರಾಗಿ ಜಾರಿದ ಶಬ್ದ ಎಲ್ಲೆಲ್ಲಿ ಸುತ್ತಿ, ಯಾರ ಕೈಯ ಕುರ್ಪಿಯಾಗಿ ಇಲ್ಲಿಗೆ ಬಂದಿತ್ತು.

ಏನಾದರೂ ಹೇಳಬೇಕಿತ್ತು. ಹೆಂಗಸರೆಲ್ಲ ಅವನ ಮುಖ ನೋಡುತ್ತಿದ್ದರು.

"ಛಲೋ ಆತು," ಎಂದ.

ಯಮನವ್ವನ ಮುಖ ಅರಳಿತು. ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡಳು.

"ಯಾರಿಕಿ ಅಂತ ಕೇಳ್ಲೇ ಇಲ್ಲ ನೀವು."

"ಯಾರು?"

"ನಿಮಗ ನಾ ಹೇಳಬೇಕೇನ್ರಿ? ನಿಮ್ಮ ಮನೀಯವ್ರು, ಬಾಯಾರು. ವರ್ಷವರ್ಷ ಬಂದು ಇಲ್ಲೇ ಹೆಬ್ಬಟ್ಟು ಇಡತಿದ್ರು. ಕಣ್ಣಾರೆ ಕಂಡೇನಿ. ಮುತ್ತೈದಿಯಾಗಿ ಹೋದವ್ರು ಎಲ್ಲಿಗೆ ಹೊಕ್ಕಾರ್ರಿ? ಬೆರಳಿಟ್ಟಲ್ಲೇ ಇರ್ತಾರ."

ಹೆಬ್ಬಟ್ಟವ್ವ ಎಂದು ಹೆಸರು. ಬಂದವರು ಹೆಬ್ಬೆರಳಿಗೆ ಕುಂಕುಮ ಹಚ್ಚಿಕೊಂಡು ಕಲ್ಲಿಗೆ ಒತ್ತಿ ಬೇಡಿಕೊಳ್ಳಬೇಕು. ಬಾದಾಮಿಗೆ ಕೊಟ್ಟ ಯಮನವ್ವನ ಮೊಮ್ಮಗಳು ಚೇತನಾ ಮದುವೆಯಾಗಿ ಆರು ವರ್ಷ ಬರಿದಾಗಿದ್ದವಳು, ಕಾರಹುಣ್ಣಿಮೆಯ ದಿನ ಮೊದಲ ಬೆರಳು ಅವಳದೇ. ಈಗ ಅವಳಿಗೆ ಎರಡು ತಿಂಗಳು. ಯಮನವ್ವ ಹೇಳುವಾಗ ಆ ಹುಡುಗಿ ಜೋಕಾಲಿಯ ಹಗ್ಗದ ಹಿಂದೆ ಮುಖ ಮರೆಸಿಕೊಂಡಳು.

ರಂಜನಾ ಇದನ್ನು ಕೇಳಿದ್ದರೆ ನಗುತ್ತಿದ್ದಳೇ? ಅವನಿಗೆ ಗೊತ್ತಾಗಲಿಲ್ಲ. ಅವಳ ನಗುವಿನ ಸದ್ದು ನೆನಪಿತ್ತು. ಯಾವುದಕ್ಕೆ ನಗುತ್ತಿದ್ದಳೆಂಬುದು ಅಳಿಸುತ್ತ ಬಂದಿತ್ತು.

ಇದು ಭಕ್ತಿಯಲ್ಲವೆಂದು ಹೇಳಬಹುದಿತ್ತು. ಅದು ಫೋಟೋ, ಅಳತೆ, ಕಲ್ಲುಹೂವು ಎಂದು ಬಿಡಿಸಿ ಹೇಳಬಹುದಿತ್ತು. ಹೇಳಿದರೆ ನಾಳೆ ಕ್ವಾರಿಯವನು ವಾಪಸು ಬರುತ್ತಾನೆ. ಚೇತನಾಳ ಎರಡು ತಿಂಗಳಿಗೆ ಅರ್ಥವಿರುವುದಿಲ್ಲ. ಮತ್ತೆ ಅವನು ರಂಜನಾ ಇರುವಾಗ ಮೊಣಕಾಲೂರಿದ್ದು ಬೇಸರದಿಂದ, ಅವಳಿಲ್ಲದಾಗ ಊರಿದ್ದು ಇನ್ಯಾವುದರಿಂದಲೋ. ಅದಕ್ಕೆ ಭಕ್ತಿಯಲ್ಲದೆ ಬೇರೆ ಹೆಸರು ಯಾವುದಿದೆ ಎಂದು ಅವನಿಗೆ ತಿಳಿದಿರಲಿಲ್ಲ. ಇಷ್ಟು ಮಾತ್ರ ಸ್ಪಷ್ಟವಾಗಿತ್ತು. ಅವನು ಬಾರದೇ ಇದ್ದಿದ್ದರೆ ಕಲ್ಲು ಹೋಗುತ್ತಿತ್ತು. ಬಂದದ್ದರಿಂದ ಹೂವು ಹೋಯಿತು.

"ಕ್ಯಾಮರಾ ತಂದೀರಲ್ರಿ," ಎಂದಳು ಯಮನವ್ವ. "ಅವ್ವನ ಕೂಡ ನಂದೊಂದು ತಗೀರಿ."

ಅವಳು ಆಗಲೇ ಕಲ್ಲಿನ ಪಕ್ಕಕ್ಕೆ ನಿಂತಿದ್ದಳು. ಸೆರಗು ಸರಿಮಾಡಿಕೊಂಡಳು.

ಬೆಳಕಿಲ್ಲ, ಎನ್ನಲು ಪಂಢರೀನಾಥ ಬಾಯಿ ತೆರೆದ. ಅಷ್ಟರಲ್ಲಿ ಶ್ರಾವಣದ ಮೋಡ ಸರಿದು ಬಿಸಿಲು ತಗಡಿನ ಚಪ್ಪರದಿಂದ ಜಾರಿ ಮುದುಕಿಯ ಮುಖದ ಮೇಲೆ, ಹಿತ್ತಾಳೆಯ ಕಣ್ಣುಗಳ ಮೇಲೆ, ಸಜ್ಜೆಯ ಒದ್ದೆ ಗರಿಗಳ ಮೇಲೆ ಬಿದ್ದಿತು. ಕ್ಯಾಮೆರಾದ ಮುಳ್ಳು ತಾನಾಗಿ ಮೇಲೇರಿ ನಡುಮಧ್ಯದಲ್ಲಿ ನಿಂತಿತು. ಬೆಳಕು ಬೇಕಾದಷ್ಟಿತ್ತು.

ಅವನು ತೆಗೆದ. ಮೂವತ್ತೆರಡು.

ಶಿವಸಂಗಪ್ಪ ಸೈಕಲ್ಲಿನಲ್ಲಿ ಬಂದವನು ಇಳಿದು, ಕೂದಲಿಗೆ ನೀರು ಹಚ್ಚಿ, ದೇವಿಯ ಎಡಕ್ಕೆ ನೆಟ್ಟಗೆ ನಿಂತ. ಉಸುರ್ ಬಿಡಲೇ, ದೇವರು ನಿನ್ನೇನ್ ತಿನ್ನೂದಿಲ್ಲ ಎಂದು ಯಾರೋ ಛೇಡಿಸಿದರು. ಮೂವತ್ತಮೂರು. ಚೇತನಾಳನ್ನು ಎಳೆದುತಂದು ನಿಲ್ಲಿಸಿದರು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಅದನ್ನು ಕಂಡು ನಾಚಿ ತೆಗೆದು, ಮತ್ತೆ ಇಟ್ಟುಕೊಂಡಳು. ಮೂವತ್ತನಾಲ್ಕು. ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಜೋಕಾಲಿಯ ಸುತ್ತ, ಕಲ್ಲು ಹಿಂದೆ ಕಾಣುವಂತೆ. ಮೂವತ್ತೈದು.

ಪ್ರತಿ ಸಲವೂ ಸುರುಳಿ ಮುಂದೂಡುವ ಸನ್ನೆಗೋಲನ್ನು ಹೆಬ್ಬೆರಳಿನಿಂದ ಎಳೆಯುವಾಗ ಒಂದು ವರ್ಷ ಕಿರ್ ಎಂದು ಒಳಗೆ ಸುತ್ತಿಕೊಳ್ಳುತ್ತಿತ್ತು. ಕಾಲು ಗಂಟೆಯೂ ಆಗಿರಲಿಲ್ಲ. ನಾಲ್ಕು ವರ್ಷ ಆಗಿತ್ತು. ಎಲ್ಲದರಲ್ಲೂ ಮುಖಗಳಿದ್ದವು.

"ಈಗ ಅವ್ವಂದೊಂದ ತಗೀರಿ," ಎಂದಳು ಯಮನವ್ವ. "ಮೊದಲ್ ತಗೀತಿದ್ರಲ್ಲ, ಹಂಗ."

ಹೆಂಗಸರು ಹಿಂದೆ ಸರಿದು ಜಾಗ ಬಿಟ್ಟರು.

ಪಂಢರೀನಾಥ ಮೊಣಕಾಲೂರಿದ. ಕೆಸರು ಪ್ಯಾಂಟಿನೊಳಗೆ ಇಳಿಯಿತು. ಬಲಗೈಯಲ್ಲಿ ಕ್ಯಾಮೆರಾ ಹಿಡಿದು ಎಡಗೈಯ ಹೆಬ್ಬೆರಳನ್ನು ಚಾಚಿ, ಅವಳಿಡುತ್ತಿದ್ದ ಜಾಗವನ್ನು ಹುಡುಕಿದ. ಕಲ್ಲಿನ ಸಣ್ಣ ತಗ್ಗೊಂದು ಗುರುತಿತ್ತು. ಅಲ್ಲಿ ಒತ್ತಿದ. ಎಣ್ಣೆ ತಣ್ಣಗಿತ್ತು. ಬೆರಳು ಜಾರಿತು. ಮತ್ತೆ ಒತ್ತಿದ.

ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಕಿಂಡಿಯೊಳಗೆ ನೋಡಿದ. ಕೆಂಪು ಗುರುತುಗಳು, ಅವುಗಳ ನಡುವೆ ಅವನ ಬೆರಳು. ಅಳೆಯುವ ಬೆರಳಿತ್ತು. ಪಕ್ಕದಲ್ಲಿ ಅಳೆಯಬೇಕಾದ್ದು ಇರಲಿಲ್ಲ. ಮೂರು ವರ್ಷದ ಹಿಂದೆ ಕಾಡಿನ ಮಬ್ಬಿನಲ್ಲಿ ಅರ್ಧ ಉಸಿರಿನ ಹೊತ್ತು ಅಲುಗದೆ ನಿಂತ ಆ ಇನ್ನೊಂದು ಬೆರಳು ಇದೇ ಡಬ್ಬಿಯ ಕತ್ತಲೆಯಲ್ಲಿ, ಸುರುಳಿಯ ಒಳಸುತ್ತಿನಲ್ಲಿ, ಬಣ್ಣ ಬಿಡುತ್ತ ಇದ್ದಿತು. ಉಸಿರು ಹಿಡಿದ. ಒತ್ತಿದ.

ಸನ್ನೆಗೋಲನ್ನು ಎಳೆದ. ಮೂವತ್ತಾರೂ ಮುಗಿದು ಅದು ಅರ್ಧಕ್ಕೆ ಬಂದು ನಿಂತಿತು. ಇನ್ನೊಮ್ಮೆ ಎಳೆದ. ಬರಲಿಲ್ಲ.

ಬೆನ್ನ ಹಿಂದೆ ಬಳೆಗಳು ಒಮ್ಮೆಲೇ ಸದ್ದು ಮಾಡಿ ಸುಮ್ಮನಾದವು. ಜೋಕಾಲಿಯ ಹಲಗೆ ಕೂಡ ನಿಂತಿತು. ಕುಂಕುಮ ಮೆತ್ತಿದ ಹೆಬ್ಬೆರಳನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಅವನು ಕುಳಿತಲ್ಲೇ ತಿರುಗಿ ನೋಡಿದ.

ಯಮನವ್ವ, ಶಿವಸಂಗಪ್ಪ, ಚೇತನಾ, ತವರಿಗೆ ಬಂದ ಅಷ್ಟೂ ಹೆಣ್ಣುಮಕ್ಕಳು ಹಸಿಮಣ್ಣಿನಲ್ಲಿ ಮೊಣಕಾಲೂರಿದ್ದರು. ಎಲ್ಲರೂ ಅವನಂತೆಯೇ ಎಡಗಣ್ಣನ್ನು ಬಿಗಿಯಾಗಿ ಮುಚ್ಚಿ, ಬಲಗಣ್ಣಿನಿಂದ ಮುಂದೆ ನೋಡುತ್ತಿದ್ದರು. ಯಾರೂ ಉಸಿರು ಬಿಡುತ್ತಿರಲಿಲ್ಲ. ಅವನು ಏಳುವುದನ್ನು ಕಾಯುತ್ತಿದ್ದರು.

ಗುಡ್ಡದ ಆಚೆ ಡಬ್ ಎಂದಿತು.

ಎರಡೂ ಕಣ್ಣು ತೆರೆದಿದ್ದವಳು ಕಲ್ಲಿನ ಹೆಬ್ಬಟ್ಟವ್ವ ಒಬ್ಬಳೇ.